ಎಸ್.ಪಿ. ರಸ್ತೆಯಲ್ಲಿ ಒಂದು ಕಪ್ಪು ವಡೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಡೆಯುವಾಗ ಎರಡು ಕಣ್ಣು ಸಾಲದು. ಒಂದು ಕಡೆ ಕೈಗಾಡಿ, ಇನ್ನೊಂದು ಕಡೆ ಹಾರನ್ ಒತ್ತುವ ಸ್ಕೂಟರು, ತಲೆಯ ಮೇಲೆ ಜೋತುಬಿದ್ದ ತಂತಿಗಳು, ಕಾಲ ಕೆಳಗೆ ಅಂಗಡಿಯಿಂದ ಬೀದಿಗೆ ಚೆಲ್ಲಿದ ರಟ್ಟಿನ ಪೆಟ್ಟಿಗೆಗಳು. ಕೆ.ಆರ್. ಮಾರುಕಟ್ಟೆಯಿಂದ ಕಾಲ್ನಡಿಗೆಯ ದೂರ. ರೆಸಿಸ್ಟರಿನಿಂದ ಹಿಡಿದು ಮೋಟಾರಿನವರೆಗೆ ಬಿಡಿಭಾಗ ಮಾರುವ ಅಂಗಡಿಗಳು ಇಷ್ಟು ಒತ್ತೊತ್ತಾಗಿರುವ ಬೀದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಭಾನುವಾರ ಮಾತ್ರ ಹೋಗಬೇಡಿ, ಬಹುಪಾಲು ಬಾಗಿಲು ಹಾಕಿರುತ್ತವೆ.

ಇತ್ತೀಚೆಗೆ ಅಲ್ಲಿಗೆ ಹೋದದ್ದು ಒಂದು ಕಪ್ಪು ಉಂಗುರದ ನೆಪದಲ್ಲಿ. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮಳೆನೀರು ಹರಿದ ಜಾಡಿನಲ್ಲಿ ಅಯಸ್ಕಾಂತ ಎಳೆದೆಳೆದು ಎರಡು ತಿಂಗಳು ಕಪ್ಪು ಮರಳು ಕೂಡಿಟ್ಟಿದ್ದ. ಅದನ್ನು ಅರಾಲ್ಡೈಟ್‌ನಲ್ಲಿ ಕಲಸಿ, ಡಬ್ಬಿಯ ಮುಚ್ಚಳದಲ್ಲಿ ಅಚ್ಚು ಹಾಕಿ, ನಾಲ್ಕು ಸೆಂಟಿಮೀಟರ್ ಅಗಲದ ಉದ್ದಿನವಡೆಯಂಥ ಉಂಗುರ ಮಾಡಿದ್ದ. ಇದೇ ತನ್ನ ಫೆರೈಟ್ ಕೋರ್, ಇದಕ್ಕೆ ತಂತಿ ಸುತ್ತಿ ವಿಜ್ಞಾನ ಮೇಳಕ್ಕೆ ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಮಾಡುತ್ತೇನೆಂಬುದು ಅವನ ಹಟ. ಹಿಟ್ಟಿನ ಗಿರಣಿ ನಡೆಸುವ ಅವನ ತಂದೆಗೆ ‘ಹೈ ವೋಲ್ಟೇಜ್’ ಎಂಬ ಮಾತೇ ಸಾಕಾಗಿತ್ತು. "ಮೇಷ್ಟ್ರೇ, ಇದು ಸರಿಯೋ ತಪ್ಪೋ ನೀವು ಹೇಳೋ ತನಕ ನಾನು ಒಂದು ಅಡಿ ತಂತಿ ಕೊಡಿಸಲ್ಲ" ಎಂದು ಪಟ್ಟು ಹಿಡಿದರು. ಹಾಗಾಗಿ ಮೂವರೂ ಬೆಳಗಿನ ಬಸ್ಸು ಹತ್ತಿದೆವು.

ಹುಡುಗನ ಊಹೆ ಬುಡವಿಲ್ಲದ್ದೇನಲ್ಲ. ಆ ಕಪ್ಪು ಮರಳಿನಲ್ಲಿ ಹೆಚ್ಚಿನದು ಮ್ಯಾಗ್ನಟೈಟ್. ರಸಾಯನಶಾಸ್ತ್ರದ ಪ್ರಕಾರ ಅದೂ ಫೆರೈಟ್ ಕುಲದ್ದೇ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆದ ಅದಿರಿನಲ್ಲೂ ಇದ್ದದ್ದು ಇದೇ.

ಒಂದು ಓಣಿಯ ಮೆಟ್ಟಿಲು ಹತ್ತಿದರೆ ಹಳೆಯ ಟಿವಿ ಸಾಮಾನಿನ ಅಂಗಡಿ. ಯಜಮಾನರು ಉಂಗುರವನ್ನು ಬೆರಳಿನಲ್ಲಿ ತಿರುಗಿಸಿ ನೋಡಿ, ನಗದೆ, ಅದಕ್ಕೆ ಇಪ್ಪತ್ತು ಸುತ್ತು ತಾಮ್ರದ ತಂತಿ ಸುತ್ತಿ ಎಲ್‌ಸಿಆರ್ ಮೀಟರಿಗೆ ಹಿಡಿದರು. 3 ಮೈಕ್ರೋಹೆನ್ರಿ. ಅದೇ ಅಳತೆಯ ಫೆರೈಟ್ ಉಂಗುರವೊಂದನ್ನು ಡ್ರಾಯರಿನಿಂದ ತೆಗೆದು ಅದಕ್ಕೂ ಇಪ್ಪತ್ತೇ ಸುತ್ತು ಸುತ್ತಿದರು. 1200! "ನಿನ್ನ ವಡೆ ಇನ್ನೂ ಬೆಂದಿಲ್ಲ ತಮ್ಮಾ" ಎಂದರು.

ನಾನು ತರಗತಿಯಲ್ಲಿ ಅರ್ಧ ಗಂಟೆ ಹೇಳಬೇಕಾದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ಅಂಟಿನಲ್ಲಿ ಕಲಸಿದ ಮರಳಿನ ಕಣಗಳು ಒಂದಕ್ಕೊಂದು ಕೂಡಿಕೊಂಡಿರುವುದಿಲ್ಲ. ಹೊಳೆ ದಾಟುವವನು ಕಲ್ಲಿನಿಂದ ಕಲ್ಲಿಗೆ ಹಾರುವಂತೆ ಕಾಂತರೇಖೆಗಳು ಪ್ರತಿ ಕಣದ ನಡುವೆಯೂ ಅಂಟಿನ ಸಂದು ದಾಟಬೇಕು. ಅಷ್ಟರಲ್ಲೇ ಸುಸ್ತು. ನಿಜವಾದ ಫೆರೈಟ್ ಒಂದು ಬಗೆಯ ಪಿಂಗಾಣಿ. ಕಬ್ಬಿಣ, ಮ್ಯಾಂಗನೀಸ್, ಸತುವಿನ ಆಕ್ಸೈಡುಗಳನ್ನು ನುಣ್ಣಗೆ ಅರೆದು, ಒಮ್ಮೆ ಸುಟ್ಟು, ಮತ್ತೆ ಅರೆದು, ಅಚ್ಚಿನಲ್ಲಿ ಒತ್ತಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಬೆಂದಾಗ ಕಣಗಳು ಬೆಸೆದುಕೊಂಡು ಇಡೀ ತುಂಡು ಎಲ್ಲ ಕಡೆಯಿಂದಲೂ ಆರರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ನಮ್ಮೂರ ಕುಂಬಾರರ ಆವಿಗೆ 900 ಡಿಗ್ರಿ ಮುಟ್ಟಿದರೆ ಹೆಚ್ಚು. ಕಾವು ಹೇಗೋ ಒದಗಿತೆನ್ನಿ, ಕುಲುಮೆಯೊಳಗಿನ ಆಮ್ಲಜನಕವನ್ನೂ ಅಳೆದು ಬಿಡಬೇಕು, ಇಲ್ಲವಾದರೆ ಗುಣ ಕೆಡುತ್ತದೆ. ಇದು ಮನೆಯಲ್ಲಿ ಆಗುವ ಅಡುಗೆಯಲ್ಲ.

"ನನ್ನ ಗಿರಣಿ ಮೋಟಾರಲ್ಲಿ ಬರೀ ಕಬ್ಬಿಣದ ಪಟ್ಟಿ ಅಲ್ವಾ ಇರೋದು? ಇದಕ್ಕೆ ಯಾಕಾಗಲ್ಲ?" ಎಂದು ತಂದೆ ಕೇಳಿದರು. ಒಳ್ಳೆಯ ಪ್ರಶ್ನೆ. ಮೋಟಾರಿನಲ್ಲಿ ವಿದ್ಯುತ್ ಸೆಕೆಂಡಿಗೆ 50 ಬಾರಿ ತೂಗುತ್ತದೆ. ಹಳೆಯ ಟಿವಿಯ ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರಿನಲ್ಲಿ 15,625 ಬಾರಿ. ಆವರ್ತನ 312 ಪಟ್ಟು ಹೆಚ್ಚಿದರೆ, ಉಳಿದದ್ದೆಲ್ಲ ಹಾಗೇ ಇದ್ದಾಗ, ಕಬ್ಬಿಣದೊಳಗೆ ಸುಳಿಯುವ ಪ್ರವಾಹದಿಂದಾಗುವ ಬಿಸಿ ಅದರ ವರ್ಗದಷ್ಟು, ಅಂದರೆ ಸುಮಾರು ಲಕ್ಷ ಪಟ್ಟು ಏರುತ್ತದೆ. ಫೆರೈಟಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯದು, ಕಾಂತತ್ವ ಮಾತ್ರ ಹರಿಯುತ್ತದೆ. ಈ ಅಪರೂಪದ ಜೋಡಿಯನ್ನು 1930ರಲ್ಲಿ ಟೋಕಿಯೋದಲ್ಲಿ ಕಂಡುಕೊಂಡವರು ಯೋಗೊರೊ ಕಾಟೊ ಮತ್ತು ತಾಕೇಶಿ ತಾಕೇಯಿ. ಅದನ್ನು ತಯಾರಿಸಲೆಂದೇ 1935ರಲ್ಲಿ ಹುಟ್ಟಿದ ಕಂಪನಿ ಟಿಡಿಕೆ. ನಮ್ಮ ಕಾಲದವರಿಗೆ ಅದು ಕ್ಯಾಸೆಟ್ಟಿನ ಹೆಸರು!

ಸ್ಪೀಕರಿನ ಕಪ್ಪು ಅಯಸ್ಕಾಂತವನ್ನು ಪುಡಿ ಮಾಡಿ ಕೋರ್ ಮಾಡಲು ಹೊರಡುವ ಮಕ್ಕಳೂ ಇದ್ದಾರೆ. ಅದೂ ಫೆರೈಟೇ, ಆದರೆ ಕಾಂತತ್ವವನ್ನು ಹಿಡಿದರೆ ಬಿಡದ ಜಾತಿ. ಟ್ರಾನ್ಸ್‌ಫಾರ್ಮರಿಗೆ ಬೇಕಾದದ್ದು ಹಿಡಿದಷ್ಟೇ ಬೇಗ ಬಿಡುವಂಥದ್ದು.

ಅಂಗಡಿಯ ಮೂಲೆಯಲ್ಲಿ ಟಿವಿಯಿಂದ ಬಿಚ್ಚಿದ ಎಲ್‌ಓಟಿಗಳ ರಾಶಿಯಿತ್ತು. ಒಂದೊಂದರಲ್ಲೂ ‘ಯು’ ಆಕಾರದ ಎರಡು ಫೆರೈಟ್ ತುಂಡು. ಹುಡುಗನ ಕಣ್ಣು ಅಲ್ಲೇ ನೆಟ್ಟಿತು. ಇಲ್ಲಿ ನಾನು ತಂದೆಯ ಪಕ್ಷ ವಹಿಸಿದೆ. ಬಣ್ಣದ ಟಿವಿಯಲ್ಲಿ ಅದು ಇಪ್ಪತ್ತು ಸಾವಿರಕ್ಕೂ ಮೇಲಿನ ವೋಲ್ಟ್ ಕೊಡುವ ವಸ್ತು. ಸ್ವಿಚ್ ಆರಿಸಿದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಅಟ್ಟದ ಮೇಲಿನ ಹಳೆಯ ಟಿವಿಯನ್ನು ಮಕ್ಕಳು ಬಿಚ್ಚಲೇಬಾರದು. 12 ವೋಲ್ಟ್ ಬ್ಯಾಟರಿಯಿಂದ ನಡೆಸುತ್ತೇವೆ, ಏನಾಗುತ್ತದೆ ಎನ್ನುವವರೂ ಉಂಟು. ಹೊರಬರುವುದು 12 ವೋಲ್ಟ್ ಅಲ್ಲವಲ್ಲ!

ಹುಡುಗನ ಮುಖ ಇಳಿಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅವನೇ, "ಸರ್, ಎರಡೂ ಉಂಗುರಕ್ಕೆ ಒಂದೇ ಥರ ಸುತ್ತಿ ಎಲ್‌ಇಡಿ ಹಾಕಿದ್ರೆ? ಒಂದರಲ್ಲಿ ಹತ್ತುತ್ತೆ, ಇನ್ನೊಂದರಲ್ಲಿ ಹತ್ತಲ್ಲ" ಎಂದ. ಕಿಡಿ ಹಾರಿಸುವ ಪ್ರಯೋಗಕ್ಕಿಂತ ಇದು ನೂರು ಪಾಲು ಮೇಲೆಂದು ನನಗನ್ನಿಸಿತು. ಅವನಿಗೆ ಅನ್ನಿಸಿತೋ ಇಲ್ಲವೋ. ತಂದೆ ಆ ಫೆರೈಟ್ ಉಂಗುರವನ್ನೂ ಒಂದು ಸುರುಳಿ ತಂತಿಯನ್ನೂ ಕೊಂಡರು, ಚೌಕಾಸಿ ಮಾಡದೆ. ಪಿಂಗಾಣಿಯಂತೆ ಇದೂ ಬಿದ್ದರೆ ಚೂರಾಗುತ್ತದೆಂದು ಯಜಮಾನರು ಉಂಗುರವನ್ನು ಎರಡು ಸುತ್ತು ಪೇಪರಿನಲ್ಲಿ ಕಟ್ಟಿಕೊಟ್ಟರು. ಹುಡುಗ ತನ್ನ ವಡೆಯನ್ನೂ ಮುಂದಕ್ಕೆ ಚಾಚಿ, "ಇದನ್ನೂ ಕಟ್ಟಿ ಅಂಕಲ್" ಎಂದ.