ಅಜ್ಜಿಯ ಹಾಡಿಗೊಂದು ಕಂಪ್ಯೂಟರ್

ಮಕ್ಕಳೇ, "ಆಮೇಲೆ ಎಡಿಟ್ ಮಾಡೋಣ" ಅಂತ ಫೋನಿನಲ್ಲೇ ಬಿಟ್ಟ ವಿಡಿಯೋಗಳು ನಿಮ್ಮ ಮನೆಯಲ್ಲೂ ಇವೆ ತಾನೆ? ನಮ್ಮಲ್ಲಿ ಹನ್ನೊಂದು ಗಂಟೆಯಷ್ಟಿದ್ದವು. ಎಲ್ಲವೂ ನನ್ನ ಅಮ್ಮ ಹಾಡಿದ ಮದುವೆ ಹಾಡುಗಳು. ಎಣ್ಣೆ ಶಾಸ್ತ್ರದ್ದು, ಹಸೆಗೆ ಕರೆಯುವುದು, ಬೀಗರನ್ನು ಛೇಡಿಸುವುದು. ಕಳೆದ ಬೇಸಿಗೆಯಲ್ಲಿ ಅಮ್ಮ ಇಲ್ಲಿಗೆ ಬಂದಿದ್ದಾಗ ಮಗಳು ರೆಕಾರ್ಡ್ ಮಾಡಿದ್ದಳು. ಊರಿಗೆ ಹೋದ ಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಅಮ್ಮನದು ಒಂದೇ ಪ್ರಶ್ನೆ: "ಪುಟ್ಟೀ, ನನ್ನ ಹಾಡು ಎಲ್ಲಿಗೆ ಬಂತೇ?"

ಎಲ್ಲಿಗೂ ಬಂದಿರಲಿಲ್ಲ. ನಮ್ಮ ಹಳೇ ಲ್ಯಾಪ್‌ಟಾಪಿನಲ್ಲಿ ಅಜ್ಜಿ ತೆರೆದ ಬಾಯಿ ಮುಚ್ಚುವಷ್ಟರಲ್ಲಿ ಹಾಡು ಒಂದು ಸಾಲು ಮುಂದೆ ಹೋಗಿರುತ್ತಿತ್ತು. ಫೆಬ್ರವರಿಯ ಒಂದು ಭಾನುವಾರ ಅಮ್ಮ ಫೋನಿನಲ್ಲೇ ಹಾಡಲು ಶುರುಮಾಡಿ, ಮೂರನೇ ನುಡಿ ನೆನಪಾಗದೆ ಸುಮ್ಮನಾದರು. ಅವತ್ತೇ ಹೊಸ ಕಂಪ್ಯೂಟರ್ ಜೋಡಿಸೋಣ ಅಂತ ತೀರ್ಮಾನ ಮಾಡಿದೆವು.

ವಿಡಿಯೋ ಯಾಕೆ ತಡವರಿಸುತ್ತೆ ಗೊತ್ತಾ? ಫೋನು ಸೆಕೆಂಡಿಗೆ 30 ಚಿತ್ರ ತೆಗೆದರೂ ಎಲ್ಲವನ್ನೂ ಪೂರ್ತಿ ಬರೆದಿಡುವುದಿಲ್ಲ. ಒಂದನ್ನು ಪೂರ್ತಿ ಬರೆದು, ಮುಂದಿನವಕ್ಕೆ "ಮೇಲಿನಂತೆ, ಕೈ ಮಾತ್ರ ಸ್ವಲ್ಪ ಎತ್ತಿದ್ದಾರೆ" ಅಂತ ಗುರುತು ಹಾಕಿಕೊಳ್ಳುತ್ತೆ. ಹೆಚ್.265 ಅನ್ನೋ ಪದ್ಧತಿ ಇದರಲ್ಲಿ ಮಹಾ ಜಿಪುಣ. ಜಾಗ ಉಳಿಯುತ್ತೆ, ಆದರೆ ಬಿಡಿಸಿ ಓದುವ ಪ್ರೊಸೆಸರಿಗೆ ಒದ್ದಾಟ. ಅದಕ್ಕೇ ಇಂಟೆಲ್‌ನವರು ಈ ಕೆಲಸಕ್ಕೆಂದೇ 'ಕ್ವಿಕ್ ಸಿಂಕ್' ಅನ್ನೋ ಭಾಗವನ್ನು ತಮ್ಮ ಪ್ರೊಸೆಸರಿನ ಗ್ರಾಫಿಕ್ಸ್ ಒಳಗೆ ಇಟ್ಟಿದ್ದಾರೆ. ಎಎಂಡಿಯವರ ರೈಜನ್ ಕೂಡ ಒಳ್ಳೆಯದೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಷ್ಟು ದುಡ್ಡು ಹಾಕುವುದು ಬೇಡ ಅಂತ ನಾವು ಇಂಟೆಲ್‌ನ ಐ5-13600ಕೆ ಆರಿಸಿದೆವು. 14 ಕೋರ್, ಅದರಲ್ಲಿ 6 ಗಟ್ಟಿಗರು, 8 ಸಹಾಯಕರು.

ಮದರ್‌ಬೋರ್ಡ್ ಆರಿಸುವಾಗ ಮಗಳ ಕಣ್ಣು ಬಣ್ಣದ ದೀಪಗಳ ಮೇಲೆ. ನಾನು ನೋಡಿದ್ದು ಬೇರೆ. ಪ್ರೊಸೆಸರ್ ಕೂರುವ ಸಾಕೆಟ್ 1700 ಇರಬೇಕು. ರ್‍ಯಾಮ್ ಡಿಡಿಆರ್4ಓ 5ಓ ಅನ್ನುವುದು ಬೋರ್ಡ್ ಮೇಲೆ ನಿಂತಿದೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಎಂ.2 ಜಾಗ ಎರಡು ಬೇಕು: ಒಂದು ವಿಂಡೋಸಿಗೆ, ಒಂದು ಅಜ್ಜಿಗೆ. ಈ ಪ್ರೊಸೆಸರ್ ಜೋರಾಗಿ ದುಡಿಯುವಾಗ 181 ವ್ಯಾಟ್‌ವರೆಗೆ ಎಳೆಯುತ್ತೆ, ಹಾಗಾಗಿ ಅದಕ್ಕೆ ಕರೆಂಟ್ ಕೊಡುವ ಭಾಗದ ಮೇಲೆ ಶಾಖ ಹೀರುವ ಲೋಹದ ಹೊದಿಕೆ ಇರಲೇಬೇಕು. ಇದಿಷ್ಟೂ ಒಂದು ಬಿ760 ಬೋರ್ಡಿನಲ್ಲಿ ಸಿಕ್ಕಿತು. ದೀಪ ಇರಲಿಲ್ಲ.

ಸಾಕೆಟ್ಟಿನಲ್ಲಿ 1700 ಪಿನ್ನು, ಸೊಳ್ಳೆ ಕಾಲಿನಷ್ಟು ತೆಳ್ಳಗೆ. "ಒತ್ತಬೇಡ, ಮೂಲೆಯ ತ್ರಿಕೋನ ನೋಡಿ ಸುಮ್ಮನೆ ಇಡು" ಅಂದೆ. ಮಗಳು ಉಸಿರು ಬಿಗಿಹಿಡಿದು ಇಟ್ಟಳು. ರ್‍ಯಾಮ್ ಎರಡು ಪಟ್ಟಿ, ಎರಡನೇ ಮತ್ತು ನಾಲ್ಕನೇ ಗೂಡಿಗೆ. ಸ್ವಿಚ್ ಹಾಕಿದೆವು. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು.

ಎರಡು ರಾತ್ರಿ ವೈರುಗಳನ್ನು ಕಿತ್ತು ಕಿತ್ತು ಚುಚ್ಚಿದೆ. ಮೂರನೇ ದಿನ ಮಗಳು ಖಾಲಿ ಡಬ್ಬ ಹಿಡಿದು ಬಂದಳು. "ಅಪ್ಪಾ, ಇಲ್ಲಿ ಕೆ ಆದ್ಮೇಲೆ ಎಫ್ ಅಂತ ಇದೆ. ಎಫ್ ಅಂದ್ರೆ ಏನು?"

ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಯಾವುದಕ್ಕಾಗಿ ಇಂಟೆಲ್ ಆರಿಸಿದ್ದೆನೋ ಅದೇ ಇಲ್ಲ! ಸ್ವಲ್ಪ ಅಗ್ಗ ಅಂತ ಅಕ್ಷರ ಓದದೆ ತಂದಿದ್ದು ನಾನೇ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಎಂಜಿನಿಯರ್. ನನ್ನ ಹೆಂಡತಿ ಈಗಲೂ ತರಕಾರಿ ತರಲು ಹೇಳುವಾಗ "ಡಬ್ಬದ ಮೇಲೆ ಓದಿ" ಅನ್ನುತ್ತಾಳೆ. ಪುಣ್ಯಕ್ಕೆ ಅಂಗಡಿಯವರು ಬದಲಾಯಿಸಿ ಕೊಟ್ಟರು.

ಅಜ್ಜಿ ಈಗ ತಡವರಿಸದೆ ಹಾಡುತ್ತಾರೆ. ಮಗಳು ಮೊದಲ ಒಂಬತ್ತು ನಿಮಿಷ ಎಡಿಟ್ ಮಾಡಿ, ಕೆಳಗೆ ಕನ್ನಡದಲ್ಲೇ ಸಾಹಿತ್ಯ ಟೈಪ್ ಮಾಡಿ ಕಳಿಸಿದಳು. ಒತ್ತಕ್ಷರಕ್ಕೆ ನನ್ನನ್ನು ಆರು ಸಲ ಕರೆದಳು. ಭಾನುವಾರ ಅಮ್ಮ ವಿಡಿಯೋ ನೋಡುತ್ತಾ ಮೂರನೇ ನುಡಿಯನ್ನು ತಮ್ಮ ಜೊತೆಗೇ ತಾವೂ ಹಾಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಅಂದರು: "ಅಯ್ಯೋ, ಬೀಗಿತ್ತಿಗೆ ಬೈಯೋ ಸಾಲು ಒಂದು ಬಿಟ್ಟೇಬಿಟ್ಟಿದೀನಲ್ಲೇ! ಪುಟ್ಟೀ, ರೆಕಾರ್ಡ್ ಒತ್ತು, ಇನ್ನೊಂದ್ಸಲ ಹಾಡ್ತೀನಿ."