ಕಪಿಲೆಯ ದಾರಿಯಲ್ಲಿ ಒಂದು ಹಳೆಯ ಜಾವಾ

ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡಲಾಗಿ ಒಂದು ಹಳೆಯ ಕಲ್ಲಿನ ಸೇತುವೆ ಇದೆ. 1735ರಲ್ಲಿ ದಳವಾಯಿ ದೇವರಾಜರ ಕಾಲದಲ್ಲಿ ಕಟ್ಟಿದ್ದು. ರಸ್ತೆಗೂ ರೈಲಿಗೂ ಹೆಗಲು ಕೊಟ್ಟ ಈ ಸೇತುವೆಗೆ ಈಗ ವಿಶ್ರಾಂತಿ. ಹೊಸ ಸೇತುವೆಗಳು ಬಂದ ಮೇಲೂ ಹಳೆಯದನ್ನು ಕೆಡವದೆ ಉಳಿಸಿಕೊಂಡದ್ದು ಊರಿನವರಿಗೆ ಹೆಮ್ಮೆ. ಆದರೆ ಮನೆಯ ಮೂಲೆಯಲ್ಲಿ ನಿಂತ ಹಳೆಯ ವಾಹನಕ್ಕೆ ಇಂಥ ಅದೃಷ್ಟ ಒದಗುವುದು ಅಪರೂಪ.

ಅಮೆರಿಕದಲ್ಲಿ 1960ರ ದಶಕದ ಮಸ್ಟಾಂಗ್‌ನಂಥ ಕಾರುಗಳನ್ನು ಮೂಲರೂಪಕ್ಕೆ ತರುವುದೇ ಒಂದು ದೊಡ್ಡ ಕಸುಬು. ನಮ್ಮ ಮೈಸೂರು ಸೀಮೆಯಲ್ಲಿ ಆ ಸ್ಥಾನ ಜಾವಾ ಮೋಟಾರ್‌ಸೈಕಲ್ಲಿನದು. ಅದು ಇಲ್ಲಿಯದೇ ಕೂಸು. ಝೆಕೊಸ್ಲೊವಾಕಿಯಾದ ತಂತ್ರಜ್ಞಾನ ಪಡೆದು ಮೈಸೂರಿನ ಯಾದವಗಿರಿಯಲ್ಲಿ 'ಐಡಿಯಲ್ ಜಾವಾ' ಕಾರ್ಖಾನೆ ತಲೆಯೆತ್ತಿತು. 1961ರಿಂದ ಗಾಡಿಗಳು ಹೊರಬಂದವು. 1973ರ ನಂತರ 'ಯೆಜ್ಡಿ' ಹೆಸರಾಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಕಪಿಲೆಯ ದಂಡೆಯ ಒಂದು ರೈತ ಕುಟುಂಬದ ಕೊಟ್ಟಿಗೆಯಲ್ಲಿ 1969ರ ಜಾವಾ ಒಂದು ಹನ್ನೆರಡು ವರ್ಷಗಳಿಂದ ಗೋಣಿತಾಟು ಹೊದ್ದು ನಿಂತಿತ್ತು. ಕೊಂಡವರು ಅಜ್ಜ. ದೊಡ್ಡಜಾತ್ರೆಯ ದಿನ ಮೊಮ್ಮಗನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಐದು ತೇರುಗಳನ್ನು ತೋರಿಸಲು ಕರೆದೊಯ್ದಿದ್ದು ಅದರಲ್ಲೇ. ಅಜ್ಜ ತೀರಿಕೊಂಡರು. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. ಆಗ ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದ ಮೊಮ್ಮಗ ಅಡ್ಡ ನಿಂತ. "ಅಪ್ಪ, ಒಂದು ಸಲ ರಿಪೇರಿ ಮಾಡ್ಸಿ ನೋಡೋಣ. ಆಗ್ದಿದ್ರೆ ಕೊಟ್ಬಿಡಿ" ಎಂದ. ತಂದೆ ಒಪ್ಪಿದರು. ಆದರೆ ಯಾರ ಕೈಗೆ ಕೊಡುವುದು?

ಮೊದಲ ಗ್ಯಾರೇಜಿನವನು ಗಾಡಿಯನ್ನು ಒಂದು ಸುತ್ತು ನೋಡಿ, "ಫುಲ್ ಪೇಂಟ್, ಹೊಸ ಕ್ರೋಮ್, ಎಲ್‌ಇಡಿ ಲೈಟು. ಮದುವಣಗಿತ್ತಿ ಥರಾ ಮಾಡ್ಕೊಡ್ತೀನಿ" ಎಂದ. ಎಂಜಿನ್ನಿನ ಬಗ್ಗೆ ಕೇಳಿದ್ದಕ್ಕೆ, "ಅದು ಆಮೇಲೆ" ಎಂದ. ತಂದೆ-ಮಗ ಗಾಡಿಯನ್ನು ಹಿಂದಕ್ಕೆ ತಂದರು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವು ನಿಜ. ಆದರೆ ಅವು ನಾಲ್ಕು ಸ್ಟ್ರೋಕಿನ ಹೊಸ ಗಾಡಿಗಳು. ಅವುಗಳ ಎಂಜಿನ್ ಭಾಗಗಳು ಹಳೆಯದಕ್ಕೆ ಕೂರುವುದಿಲ್ಲ.

ಕೊನೆಗೆ ನೆಂಟರೊಬ್ಬರ ಮಾತಿನಂತೆ ಜಾವಾವನ್ನು ಗೂಡ್ಸ್ ಆಟೋಗೆ ಏರಿಸಿ ಟಿ. ನರಸೀಪುರದ ದಾರಿ ಹಿಡಿದರು. ನಂಜನಗೂಡಿನಿಂದ ಸುತ್ತೂರಿನ ಮೇಲೆ ಹರಿದು ಕಪಿಲೆಯೂ ಅದೇ ಊರಿಗೆ ಹೋಗಿ ಕಾವೇರಿಯನ್ನು ಕೂಡುತ್ತಾಳೆ. ದಾರಿಯುದ್ದಕ್ಕೂ ಭತ್ತದ ಗದ್ದೆ, ಬಾಳೆ, ತೆಂಗು.

ನರಸೀಪುರದ ಆ ಅಂಗಡಿಗೆ ಬೋರ್ಡೂ ಇರಲಿಲ್ಲ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ. ವಯಸ್ಸಾದ ಮೇಸ್ತ್ರಿ ಬಣ್ಣದ ಕಡೆ ಕಣ್ಣೆತ್ತಲಿಲ್ಲ. ಕಿಕ್ಕರನ್ನು ಕೈಯಿಂದಲೇ ನಿಧಾನವಾಗಿ ಒತ್ತಿ ಕಿವಿಗೊಟ್ಟು ಕೇಳಿದರು.

"ಎಷ್ಟು ವರ್ಷದಿಂದ ನಿಂತದೆ ಸ್ವಾಮಿ?"

"ಹನ್ನೆರಡು ವರ್ಷ ಆಯ್ತು."

"ಹಂಗಾದ್ರೆ ಆಯಿಲ್ ಸೀಲ್ ಒಣಗದೆ. ಉಸಿರು ಎಲ್ಲಿ ಸೋರ್ತದೆ ಅಂತ ಮೊದ್ಲು ನೋಡಾಣ. ಬಣ್ಣ ಕೊನೇಗೆ."

ಆ ಒಂದು ಮಾತಿನಲ್ಲಿ ವಿಜ್ಞಾನದ ಒಂದು ಪಾಠವೇ ಇದೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಕವಾಟಗಳಿಲ್ಲ. ಪಿಸ್ಟನ್ ಮೇಲೇರಿದಾಗ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಒತ್ತಡ ತಗ್ಗಿ, ಪೆಟ್ರೋಲ್-ಗಾಳಿಯ ಮಿಶ್ರಣ ಒಳಕ್ಕೆ ಬರುತ್ತದೆ. ಪಿಸ್ಟನ್ ಇಳಿದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ಏರುತ್ತದೆ. ಅಂದರೆ ಆ ಕೋಣೆ ಶ್ವಾಸಕೋಶವಿದ್ದಂತೆ. ರಬ್ಬರಿನ ಸೀಲು ಒಣಗಿ ಬಿರಿದರೆ ಹೊರಗಿನ ಗಾಳಿ ನುಸುಳಿ ಮಿಶ್ರಣ ತೆಳುವಾಗುತ್ತದೆ. ಆಗ ಗಾಡಿ ಹೊತ್ತಿಕೊಳ್ಳದು, ಹೊತ್ತಿಕೊಂಡರೂ ವಿಪರೀತ ಬಿಸಿಯಾಗುತ್ತದೆ. ಹೊರಗಿನ ಹೊಳಪಿನಿಂದ ಈ ರೋಗ ವಾಸಿಯಾಗದು.

ಎಂಜಿನ್ ಬಿಚ್ಚಿದಾಗ ಸಿಲಿಂಡರ್ ಸವೆದಿದ್ದು ಕಂಡಿತು. ಅದನ್ನು ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಲು ಮೈಸೂರಿನ ಲೇತ್ ಅಂಗಡಿಗೆ ಹೋಗಬೇಕಾಯಿತು. ಪಿಸ್ಟನ್ ಬಿಗಿಯಾದರೆ ಕಚ್ಚಿಕೊಳ್ಳುತ್ತದೆ, ಸಡಿಲವಾದರೆ ಬಡಿದುಕೊಳ್ಳುತ್ತದೆ. ನರಸೀಪುರದ ಸಂಗಮದಲ್ಲಿ ಗುಂಜಾ ನರಸಿಂಹಸ್ವಾಮಿಯ ಗುಡಿಯಿದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆ ಇಲ್ಲಿನವರದು. ಮೇಸ್ತ್ರಿಯ ಕಸುಬೂ ಗುಲಗಂಜಿ ತೂಕದ್ದೇ. ಎಲ್ಲ ಇರುವುದು ಆ ಚೂರು ವ್ಯತ್ಯಾಸದಲ್ಲಿ.

ಕಾಗದದ ಕೆಲಸವೂ ಇತ್ತು. 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸದ ವಾಹನಗಳಿಗೆ 2021ರ ಕೇಂದ್ರ ನಿಯಮದಂತೆ 'ವಿಂಟೇಜ್' ನೋಂದಣಿ ಸಿಗುತ್ತದೆ. ಆದರೆ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತಂದೆ ಯೋಚಿಸಿ, ಐದು ವರ್ಷಕ್ಕೊಮ್ಮೆ ನವೀಕರಿಸುವ ಸಾಮಾನ್ಯ ಆರ್‌ಸಿಯೇ ಸಾಕೆಂದರು. "ಅಪ್ಪಾಜಿ ಇದನ್ನ ನೋಡೋಕೆ ತಂದಿರ್ಲಿಲ್ಲ, ಓಡ್ಸೋಕೆ ತಂದಿದ್ರು" ಎಂಬುದು ಅವರ ಸಮರ್ಥನೆ.

ಎಲ್ಲ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಬಣ್ಣಕ್ಕೆ ದುಡ್ಡು ಉಳಿಯಲಿಲ್ಲ. ಟ್ಯಾಂಕಿನ ಮೇಲೆ ಮಗುವಿನ ಚಡ್ಡಿಯ ಗುಂಡಿ ಗೀರಿದ ಗುರುತು ಹಾಗೆಯೇ ಇದೆ. ಅದನ್ನು ಅಳಿಸುವುದು ಬೇಡವೆಂದು ಈಗ ಇಬ್ಬರೂ ಒಮ್ಮತಕ್ಕೆ ಬಂದಿದ್ದಾರೆ.

ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಹುಡುಗ ನರಸೀಪುರದ ತಗಡಿನ ಮಾಡಿನಡಿ ಕುಳಿತು ಪಾಯಿಂಟ್ ಹೊಂದಿಸುವುದನ್ನು ಕಲಿಯುತ್ತಾನೆ. ಕಾರ್ಖಾನೆ ಮುಚ್ಚಿದ ಮೇಲೆ ಆ ವಿದ್ಯೆ ಉಳಿದಿರುವುದು ಇಂಥ ಕೆಲವರ ಬೆರಳುಗಳಲ್ಲಿ, ಕಿವಿಗಳಲ್ಲಿ. ಬಿಡಿಭಾಗವನ್ನು ಲೇತಿನಲ್ಲಿ ಮಾಡಿಸಬಹುದು. ಕಿವಿಯನ್ನು ಮಾಡಿಸಲಾಗದು, ಪಕ್ಕದಲ್ಲಿ ಕುಳಿತೇ ಪಡೆಯಬೇಕು. ಮೇಸ್ತ್ರಿಗೆ ಈಗ ಎಪ್ಪತ್ತು ದಾಟಿದೆ. ಹುಡುಗ ಬಂದ ದಿನ ಅವರು ತಾವು ಕಿಕ್ಕರ್ ಮುಟ್ಟುವುದಿಲ್ಲ. "ನೀನೇ ಹೇಳಪ್ಪ, ಏನು ಕೇಳಿಸ್ತದೆ?" ಎನ್ನುತ್ತಾರೆ.