ನಾಲ್ಕು ಕಾಲಿನ ಬಾಡಿಗೆದಾರ

ನಾಯಿಯೊಡನೆ ನೆಲೆ ಹುಡುಕಿ ಹೊರಟವರಲ್ಲಿ ಮೊದಲಿಗನು ಧರ್ಮರಾಯನೇ ಇರಬೇಕು. ಮಹಾಪ್ರಸ್ಥಾನದ ದಾರಿಯಲ್ಲಿ ಮಡದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದಮೇಲೆ ಕಡೆಯವರೆಗೆ ಆತನ ಸಂಗಡ ಉಳಿದುದು ಒಂದು ನಾಯಿ. ರಥವನ್ನು ತಂದು ನಿಲ್ಲಿಸಿದ ದೇವೇಂದ್ರನು ನಾಯಿ ಸಾಕಿದವರಿಗೆ ಸ್ವರ್ಗದಲ್ಲಿ ಸ್ಥಳವಿಲ್ಲವೆಂದು ನಿಯಮವನ್ನು ತಿಳಿಸಿದ. ನಂಬಿ ಬಂದ ಪ್ರಾಣಿಯನ್ನು ಬಿಟ್ಟು ಸ್ವರ್ಗವೂ ಬೇಡವೆಂದ ಧರ್ಮರಾಯ. ಆ ನಾಯಿ ಸಾಕ್ಷಾತ್ ಧರ್ಮದೇವತೆಯೇ ಆಗಿದ್ದುದರಿಂದ ಮಾತು ಸುಖವಾಗಿ ಮುಗಿಯಿತು. ಇಂದು ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ 'ಮನೆ ಬಾಡಿಗೆಗಿದೆ' ಎಂಬ ಹಲಗೆಯ ಮುಂದೆ ನಿಂತಿರುವ ಗೃಹಸ್ಥನ ನಾಯಿಯಾದರೋ ಬರಿಯ ನಾಯಿ. ಅದು ನಿಜರೂಪವನ್ನು ತೋರಿ ಒಡೆಯನನ್ನು ಸಂಕಟದಿಂದ ಪಾರುಮಾಡುವ ಸಂಭವವಿಲ್ಲ.

ಈ ಗೃಹಸ್ಥನ ಅವಸ್ಥೆಯನ್ನು ಸ್ವಲ್ಪ ನೋಡಬೇಕು. ಮನೆ ಒಪ್ಪಿಗೆಯಾಗಿದೆ, ನೀರಿನ ಸೌಕರ್ಯವಿದೆ, ಮಕ್ಕಳ ಶಾಲೆ ಹತ್ತಿರ. ಮನೆಯೊಡತಿ ಕಾಫಿಯನ್ನೂ ಕೊಟ್ಟಿದ್ದಾರೆ.

"ಎಷ್ಟು ಜನ ಇರ್ತೀರಪ್ಪ?"

"ನಾಲ್ಕು ಜನ ಅಮ್ಮ. ಜೊತೆಗೆ ಟಾಮಿ."

"ಟಾಮಿ ಅಂದರೆ ಮಗುವೇ?"

"ಅಲ್ಲ ಅಮ್ಮ, ನಾಯಿ. ಬಹಳ ಸಾಧು."

ಅಲ್ಲಿಗೆ ಕಾಫಿ ತಣ್ಣಗಾಗುತ್ತದೆ. "ನನಗೇನೂ ಅಭ್ಯಂತರವಿಲ್ಲ. ನಮ್ಮ ಯಜಮಾನರಿಗೆ ಆಗೋದಿಲ್ಲ ನೋಡಿ" ಎಂದು ಆಕೆ ನಯವಾಗಿ ಹೇಳುತ್ತಾರೆ. ಪಕ್ಕದ ಕುರ್ಚಿಯಲ್ಲಿ ಕುಳಿತ ಯಜಮಾನರು ತಮಗೆ ಆಗುವುದಿಲ್ಲವೆಂಬ ಸಂಗತಿಯನ್ನು ಆಗತಾನೆ ತಿಳಿದುಕೊಂಡು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ.

ಹಾಗೆಂದು ಮನೆಯೊಡೆಯರನ್ನು ನಿಷ್ಕರುಣಿಗಳೆಂದು ಜರೆಯುವುದು ನ್ಯಾಯವಲ್ಲ. ಸಾಲ ಮಾಡಿ ಕಟ್ಟಿಸಿದ ಮನೆ. ಬಾಗಿಲಿನ ಪಾಲಿಶ್ ಇನ್ನೂ ಮಾಸಿಲ್ಲ. ನಾಯಿಯ ಉಗುರಿಗೆ ಪಾಲಿಶಿನ ಬೆಲೆ ತಿಳಿಯದು. ಕಿಟಕಿಯ ಸೊಳ್ಳೆಪರದೆ ಹರಿದರೆ, ಮೂಲೆಯಲ್ಲಿ ನಿಂತ ವಾಸನೆ ಹೋಗದಿದ್ದರೆ, ನಡುರಾತ್ರಿಯ ಬೊಗಳುವಿಕೆಗೆ ನೆರೆಯವರು ದೂರು ತಂದರೆ, ಹೊಣೆ ಹೊರುವವರು ಯಾರು? ಅವರ ಭಯಕ್ಕೆ ಕಾರಣವಿದೆ. ಆದರೆ ಕಾರಣವಿರುವ ಭಯಕ್ಕೆ ಲೆಕ್ಕವೂ ಇರಬೇಕಲ್ಲವೆ? ತೊಡಕು ಹುಟ್ಟುವುದು ಇಲ್ಲಿಯೇ.

ಹತ್ತಾರು ಮನೆಗಳನ್ನು ಅಲೆದಮೇಲೆ ಕಡೆಗೊಬ್ಬ ಪುಣ್ಯಾತ್ಮರು ಒಪ್ಪುತ್ತಾರೆನ್ನಿ. "ನಾಯಿ ಇರಲಿ, ಸ್ವಲ್ಪ ಹೆಚ್ಚಿಗೆ ಕೊಡಿ" ಎನ್ನುತ್ತಾರೆ. ಅಲೆದು ಸೋತ ಗೃಹಸ್ಥನು 'ಹೆಚ್ಚಿಗೆ' ಎಂದರೇನೆಂದು ಕೇಳದೆಯೇ ತಲೆದೂಗುತ್ತಾನೆ. ಆದರೆ ಈ ಹೆಚ್ಚಿಗೆಯಲ್ಲಿ ಮೂರು ಬಗೆ. ಹಿಂದಿರುಗಿ ಬರುವ ಅಡ್ವಾನ್ಸನ್ನು ಹೆಚ್ಚಿಸುವುದು ಒಂದು. ಮರಳಿ ಬಾರದ ಹಣವನ್ನು ಒಮ್ಮೆಗೇ ಕೊಟ್ಟುಬಿಡುವುದು ಇನ್ನೊಂದು. ತಿಂಗಳ ಬಾಡಿಗೆಯನ್ನೇ ಏರಿಸುವುದು ಮೂರನೆಯದು.

ಇಪ್ಪತ್ತು ಸಾವಿರ ಬಾಡಿಗೆಯ ಮನೆಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ನಾಯಿಯ ಸಲುವಾಗಿ ಅಡ್ವಾನ್ಸು 20,000 ರೂಪಾಯಿ ಹೆಚ್ಚು, ಇಲ್ಲವೆ ಮರಳಿ ಬಾರದ 5,000, ಇಲ್ಲವೆ ತಿಂಗಳಿಗೆ 1,000 ಎಂದು ಒಡೆಯರು ಕೇಳಿದರೆ, ಸಾವಿರವೇ ಹಗುರವೆಂದು ಮನಸ್ಸಿಗೆ ತೋರುತ್ತದೆ. ಹನ್ನೊಂದು ತಿಂಗಳ ಕರಾರು ಮೂರು ಸಲ ನಡೆದರೆ ಆ ಸಾವಿರ 33,000 ಆಗುತ್ತದೆ. ಬಾಡಿಗೆ ಏರಿದಾಗಲೆಲ್ಲ ಅದೂ ಏರುವುದು ಬೇರೆ. ಇಪ್ಪತ್ತು ಸಾವಿರದ ಅಡ್ವಾನ್ಸಿನಲ್ಲಾದರೋ ನಷ್ಟವಾಗುವುದು ಬಡ್ಡಿ ಮಾತ್ರ. ವರ್ಷಕ್ಕೆ ಶೇಕಡ 7ರಂತೆ ಹಿಡಿದರೂ ಅಷ್ಟೇ ಅವಧಿಗೆ 3,850 ರೂಪಾಯಿ. ಕಣ್ಣಿಗೆ ದೊಡ್ಡದಾಗಿ ಕಂಡುದೇ ಕೊನೆಗೆ ಅಗ್ಗ. ಆದರೆ ಆ ಹಣ ಹಿಂದಿರುಗಿ ಬಂದರೆ ಮಾತ್ರ!

ಬರುವುದೋ ಇಲ್ಲವೋ ಎಂಬುದು ಮನೆ ಬಿಡುವ ದಿನದ ನಾಟಕ. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಬೆಂಗಳೂರಿನ ರೂಢಿ. ನಾಯಿ ಇದ್ದರೂ ಮುರಿಯುತ್ತಾರೆ, ಇಲ್ಲದಿದ್ದರೂ ಮುರಿಯುತ್ತಾರೆ. ಅದರ ಮೇಲೆ ನಾಯಿ ಗೋಡೆಯನ್ನು ಕೆಡಿಸಿತೆಂದು ಮತ್ತೊಮ್ಮೆ ಮುರಿದರೆ ಒಂದೇ ಗೋಡೆಗೆ ಎರಡು ಸಲ ಬಣ್ಣ ಹೊಡೆಸಿದಂತಾಯಿತು. ಗೀರು ಹೊಸದೋ ಹಳೆಯದೋ ಎಂದು ಆಗ ವಾದಿಸುವುದರಿಂದ ಫಲವಿಲ್ಲ. ಮನೆಯೊಳಕ್ಕೆ ಕಾಲಿಟ್ಟ ದಿನವೇ ಬಾಗಿಲು, ಗೋಡೆ, ನೆಲಗಳ ಚಿತ್ರ ತೆಗೆದು ಒಡೆಯರಿಗೂ ಒಂದು ಪ್ರತಿಯನ್ನು ಕಳುಹಿಸಿದ್ದವನು ಮಾತ್ರ ಅಂದು ನೆಮ್ಮದಿಯಾಗಿರುತ್ತಾನೆ.

ಸರಕಾರದ ನಿಯಮಗಳೇನೂ ಇಲ್ಲವೆ ಎಂದರೆ, ಇವೆ. ಭಾರತ ಸರಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಯ ಅಡ್ವಾನ್ಸು ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದಿದೆ. ಆದರೆ ಅದು ಮಾದರಿ. ರಾಜ್ಯ ಅಂಗೀಕರಿಸಿದಲ್ಲಿ ಮಾತ್ರ ಕಾನೂನು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅಪಾರ್ಟ್‌ಮೆಂಟಿನ ಸಂಘಗಳು ಬಹುಮತದ ಬಲದಿಂದಲೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ. ಲಿಫ್ಟಿನಲ್ಲಿ ನಾಯಿಯನ್ನು ಕರೆದೊಯ್ಯಬಾರದೆನ್ನುವಂತೆಯೂ ಇಲ್ಲ. ಇದರಿಂದ ಸಂಘದ ಬಾಯಿ ಕಟ್ಟಬಹುದು; ಮನೆಯೊಡೆಯನ ಕೈ ಕಟ್ಟುವಂತಿಲ್ಲ. ತನ್ನ ಮನೆಯನ್ನು ಯಾರಿಗೆ ಕೊಡಬೇಕೆಂಬುದು ಆತನ ಇಚ್ಛೆ. ಆದಕಾರಣ ಕೊಟ್ಟಾಗ ಬರೆದ ಕರಾರುಪತ್ರವೇ ಬಾಡಿಗೆದಾರನ ಬಲ.

ಕೆಲವರಿಗೆ ಈ ಕರಾರಿನ ಗೊಡವೆಯೇ ಬೇಡ. ನಾಯಿಯ ಸುದ್ದಿಯನ್ನೆತ್ತದೆ ಮನೆ ಹಿಡಿದು, ಕತ್ತಲಾದಮೇಲೆ ಅದನ್ನು ಕಂಬಳಿಯಲ್ಲಿ ಸುತ್ತಿ ಒಳಕ್ಕೆ ತರುವ ಸಾಹಸಿಗಳುಂಟು. ಅಂದಿನಿಂದ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಕರೆಗಂಟೆ ಬಾರಿಸಿದರೆ ಮಕ್ಕಳು ನಾಯಿಯ ಬಾಯಿ ಮುಚ್ಚಲು ಓಡುತ್ತಾರೆ. ಬೊಗಳುವುದಕ್ಕೆಂದೇ ಹುಟ್ಟಿದ ಜೀವಿಗೆ ಮೌನವ್ರತ! ಮೂರು ದಿನದಲ್ಲಿ ಗುಟ್ಟು ರಟ್ಟಾಗಿ, ಮೂರು ತಿಂಗಳಲ್ಲಿ ಮನೆ ಖಾಲಿಯಾಗಿ, ಲಾರಿಯ ಬಾಡಿಗೆ, ದಲ್ಲಾಳಿಯ ಒಂದು ತಿಂಗಳ ಕಮಿಷನ್ ಎಲ್ಲವೂ ಎರಡನೆಯ ಸಲ ತೆರಬೇಕಾಗುತ್ತದೆ. ಉಳಿಸಲು ಹೊರಟ ಐದು ಸಾವಿರಕ್ಕೆ ಐವತ್ತು ಸಾವಿರ ಕೈಬಿಟ್ಟು ಹೋದೀತು.

ಹಣ ಹೋದರೆ ಸಂಪಾದಿಸಬಹುದು. ಇನ್ನೊಂದು ನಷ್ಟಕ್ಕೆ ಪರಿಹಾರವಿಲ್ಲ. ಎಲ್ಲಿಯೂ ಮನೆ ಸಿಕ್ಕದೆ ಕಂಗಾಲಾದ ಸಂಸಾರದಲ್ಲಿ ಒಂದು ಸಂಜೆ ಯಾರೋ ಮೆಲ್ಲಗೆ ಆ ಮಾತನ್ನು ಎತ್ತುತ್ತಾರೆ: "ಊರಲ್ಲಿ ಬಿಟ್ಟು ಬಂದರೆ ಹೇಗೆ?" ಊರಿನಲ್ಲಿ ನೋಡಿಕೊಳ್ಳುವವರಿದ್ದರೆ ಚಿಂತೆಯಿಲ್ಲ. ಎಷ್ಟೋ ಸಲ 'ಊರು' ಎಂದರೆ ಹೊರವಲಯದ ಯಾವುದೋ ರಸ್ತೆಯ ಅಂಚು. ಆರು ವರ್ಷ ಸೋಫಾದ ಕೆಳಗೆ ಮಲಗಿದ ನಾಯಿ ಬೀದಿನಾಯಿಗಳ ನಡುವೆ ನಿಂತು, ಹೋಗುವ ಕಾರುಗಳಲ್ಲೆಲ್ಲ ತನ್ನ ಕಾರನ್ನು ಹುಡುಕುತ್ತದೆ. ಮಕ್ಕಳಿಗೆ ಮಾತ್ರ ಅದು ತೋಟದ ಮನೆಯಲ್ಲಿ ಸುಖವಾಗಿದೆಯೆಂದು ಕಥೆ ಹೇಳಲಾಗುತ್ತದೆ.

ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಗುರಿಯಾಗುವಂತೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಮೊದಲನೆಯ ಸಲಕ್ಕೆ ಆ ಕಾಯಿದೆ ಗೊತ್ತುಮಾಡಿದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಬಾಗಿಲನ್ನು ಗೀರಿದ ನಾಯಿಗೆ ಐದು ಸಾವಿರ. ನಾಯಿಯನ್ನು ಬೀದಿಗೆ ಬಿಟ್ಟ ಮನುಷ್ಯನಿಗೆ ಐವತ್ತು. ಇದಕ್ಕಿಂತ ವಿಚಿತ್ರವಾದ ಬೆಲೆಪಟ್ಟಿ ಇರಲಾರದು.

ಕನ್ನಡನಾಡಿನ ಹಿರಿಯರು ಹೀಗೆ ಬೆಲೆ ಕಟ್ಟಿದವರಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 950ರ ಒಂದು ವೀರಗಲ್ಲಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಬೇಕಾದುದನ್ನು ಕೇಳೆಂದು ದೊರೆಯು ಹೇಳಿದಾಗ, ಆತ ಬೇಡಿದುದು 'ಕಾಳಿ' ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಆ ನಾಯಿ ಮಡಿದಾಗ ಒಡೆಯನು ಕಲ್ಲು ನಿಲ್ಲಿಸಿದ. ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟ. ಪೂಜೆ ತಪ್ಪಿಸಿ ಉಂಡವನಿಗೆ ಪಾಪವೆಂಬ ಷರತ್ತನ್ನೂ ಬರೆಸಿದ. ಆ ಕಲ್ಲು ಈಗಿರುವುದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ. ನಾಯಿಗಾಗಿ ಹೊಲವನ್ನೇ ಬಿಟ್ಟ ನಾಡಿನ ರಾಜಧಾನಿಯಲ್ಲಿ ನಾಯಿಗೊಂದು ಮೂಲೆ ಸಿಕ್ಕುವುದು ದುರ್ಲಭವಾಗಿದೆ.

ಇಂದಿನ ಗೃಹಸ್ಥನಿಗೆ ಕಲ್ಲಿನಲ್ಲಿ ಕೆತ್ತಿಸುವ ಶಕ್ತಿಯಿಲ್ಲ. ಛಾಪಾ ಕಾಗದವಾದರೂ ಇದೆಯಷ್ಟೆ. ನಾಯಿ ಇದೆ ಎಂಬುದು ಒಂದು ಸಾಲು, ಹೆಚ್ಚಿನ ಹಣ ಎಷ್ಟು ಎಂಬುದು ಒಂದು ಸಾಲು, ಅದು ಮರಳುವುದೋ ಇಲ್ಲವೋ, ಯಾವುದಕ್ಕೆ ಮುರಿಯಬಹುದು ಎಂಬುದು ಇನ್ನೆರಡು ಸಾಲು. ಈ ನಾಲ್ಕು ಸಾಲುಗಳಿದ್ದರೆ ಒಡೆಯರ ಭಯಕ್ಕೊಂದು ಮಿತಿ, ಬಾಡಿಗೆದಾರನ ಖರ್ಚಿಗೊಂದು ಮಿತಿ. ನಾಲ್ಕು ಕಾಲಿನ ಬಾಡಿಗೆದಾರನಿಗೆ ಓದು ಬಾರದು, ಸಹಿ ಹಾಕಲೂ ಬಾರದು. ಅದರ ಪರವಾಗಿ ಓದಿ ಸಹಿ ಹಾಕಬೇಕಾದವನು ಅದನ್ನು ಮನೆಗೆ ಕರೆತಂದವನೇ.